ಬಿಡಿಎಸ್ ಮೊದಲ ವರ್ಷ: ಹಲ್ಲಿನ ಪರಿಭಾಷೆ ಕಲಿಯೋಕೆ ಒಂದು ಸಮಗ್ರ ಮಾರ್ಗದರ್ಶಿ

ಬಿಡಿಎಸ್ ಸೇರಿ ಎರಡು ವಾರ ಆಗುವಷ್ಟರಲ್ಲಿ ನೋಟ್ಸ್ ತುಂಬಾ ಮೀಸಿಯಲ್, ಸಿಂಗ್ಯುಲಮ್, ಮಾರ್ಜಿನಲ್ ರಿಡ್ಜ್, ಪೆರಿಯೊಡಾಂಟಲ್ ಲಿಗಮೆಂಟ್ ಅಂತ ಪದಗಳು ಬಂದು ಕೂತಿರುತ್ತವೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು "ನನ್ನ ಇಂಗ್ಲಿಷ್ ವೀಕು, ಅದಕ್ಕೇ ತಲೆಗೆ ಹತ್ತುತ್ತಿಲ್ಲ" ಅಂದುಕೊಳ್ಳುತ್ತಾರೆ. ಪಕ್ಕದಲ್ಲಿ ಕೂತ ಕಾನ್ವೆಂಟ್ ಹುಡುಗಿಗೂ ಮೀಸಿಯಲ್ ಅಂದರೆ ಏನು ಅಂತ ಗೊತ್ತಿರುವುದಿಲ್ಲ. ಇವುಗಳಲ್ಲಿ ಮುಕ್ಕಾಲು ಪಾಲು ಲ್ಯಾಟಿನ್, ಗ್ರೀಕ್‌ನಿಂದ ಬಂದ ಪದಗಳು. ಎಲ್ಲರದ್ದೂ ಸೊನ್ನೆಯಿಂದಲೇ ಶುರು.

ಕಷ್ಟ ಆಗುವುದು ಕಲಿಯುವ ಕ್ರಮದಿಂದ. ಪುಸ್ತಕದ ಹಿಂದಿರುವ ಪದಪಟ್ಟಿಯನ್ನು ಎ ಇಂದ ಝಡ್‌ವರೆಗೆ ಉರು ಹೊಡೆಯಲು ಹೊರಟರೆ ಒಂದು ವಾರದಲ್ಲಿ ಸುಸ್ತಾಗುತ್ತದೆ. ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆಯಲ್ಲಿ) ಕೈಗೆ ಹಲ್ಲು ಕೊಟ್ಟಾಗ ಒಂದೂ ನೆನಪಾಗುವುದಿಲ್ಲ. ಹಲ್ಲು ಕೈಯಲ್ಲಿ ಹಿಡಿದು, ಬೆರಳು ಜಾಗದ ಮೇಲಿಟ್ಟು, ಪದವನ್ನು ಬಾಯಿಬಿಟ್ಟು ಹೇಳಿ ಕಲಿಯಬೇಕು. ಕೆಳಗಿನ ಹಂತಗಳೆಲ್ಲ ಈ ರೀತಿ ಕಲಿಯುವುದಕ್ಕೇ.

ಬೇಕಾದ ಸಾಮಾನು ಕಡಿಮೆ. ಒಂದು ಕನ್ನಡಿ, ಕಾಲೇಜಿನ ಪ್ಲಾಸ್ಟರ್ ಮಾಡೆಲ್ ಅಥವಾ ಟೈಪೊಡಾಂಟ್ (ಕೃತಕ ಹಲ್ಲು ಜೋಡಿಸಿದ ದವಡೆಯ ಮಾದರಿ), ಒಂದು ಮಾರ್ಕರ್, ಗೆರೆಯಿಲ್ಲದ ನೋಟ್‌ಬುಕ್. ಕಿತ್ತ ಹಲ್ಲು ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಸರಿಯಾಗಿ ಸೋಂಕು ತೆಗೆಯದ ಹಲ್ಲನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹಾಸ್ಟೆಲ್ ಕಪಾಟಿನಲ್ಲಿ ಡಬ್ಬಿಗೆ ಹಾಕಿ ಇಟ್ಟುಕೊಳ್ಳಲೂಬೇಡಿ.

ಹಂತ 1: ಹಲ್ಲಿನ ವಿಳಾಸ

ನಮ್ಮ ಕಾಲೇಜುಗಳಲ್ಲಿ ದಿನಾ ಬಳಸುವುದು ಎಫ್‌ಡಿಐ (ವಿಶ್ವ ದಂತ ಒಕ್ಕೂಟ) ಪದ್ಧತಿ. ಪ್ರತಿ ಹಲ್ಲಿಗೂ ಎರಡು ಅಂಕಿ. ಜಯನಗರದಲ್ಲಿ ಮನೆ ಹುಡುಕುವಾಗ ಮೊದಲು ಎಷ್ಟನೇ ಬ್ಲಾಕ್ ಅಂತ ಕೇಳಿ, ಆಮೇಲೆ ಮನೆ ನಂಬರ್ ಕೇಳುತ್ತೀರಲ್ವಾ? ಇದೂ ಹಾಗೆಯೇ. ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಅನ್ನುವುದನ್ನು ಹೇಳುತ್ತದೆ. ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಎರಡನೇ ಅಂಕಿ ನಡುಗೆರೆಯಿಂದ, ಅಂದರೆ ಬಾಯಿಯನ್ನು ಎಡ ಬಲ ಮಾಡುವ ಗೆರೆಯಿಂದ, ಹಿಂದಕ್ಕೆ ಎಣಿಸಿದ ಸಂಖ್ಯೆ: 1 ಸೆಂಟ್ರಲ್ ಇನ್ಸೈಸರ್ (ನಡುವಿನ ಬಾಚಿಹಲ್ಲು), 2 ಲ್ಯಾಟರಲ್ ಇನ್ಸೈಸರ್ (ಅದರ ಪಕ್ಕದ ಬಾಚಿಹಲ್ಲು), 3 ಕೆನೈನ್ (ಕೋರೆಹಲ್ಲು), 4 ಮತ್ತು 5 ಪ್ರೀಮೋಲಾರ್ (ಕಿರಿಯ ದವಡೆ ಹಲ್ಲು), 6, 7, 8 ಮೋಲಾರ್ (ದವಡೆ ಹಲ್ಲು). ಹಾಲುಹಲ್ಲುಗಳಿಗೆ ಕಾಲುಭಾಗದ ಅಂಕಿ 5ರಿಂದ 8, ಹಲ್ಲಿನ ಅಂಕಿ 1ರಿಂದ 5. ದೊಡ್ಡವರ ಬಾಯಲ್ಲಿ ಒಟ್ಟು 32, ಹಾಲುಹಲ್ಲು 20.

ಇಲ್ಲಿ ಎರಡು ಎಚ್ಚರಿಕೆ. ಬಲ ಎಡ ಅಂದರೆ ರೋಗಿಯ ಬಲ ಎಡ. ನಿಮ್ಮ ಎದುರು ಕೂತ ರೋಗಿಯ ಬಲಗಡೆ ನಿಮಗೆ ಎಡಕ್ಕೆ ಕಾಣುತ್ತದೆ. ಚಾರ್ಟ್ ಕೂಡ ಹಾಗೆಯೇ ಬರೆದಿರುತ್ತದೆ. ಇನ್ನೊಂದು, 36 ಅನ್ನು "ಥರ್ಟಿ ಸಿಕ್ಸ್" ಅನ್ನಬೇಡಿ, "ತ್ರೀ ಸಿಕ್ಸ್" ಅನ್ನಿ. ಇದು ಬರೀ ಸ್ಟೈಲ್ ಅಲ್ಲ. ಒಂದೊಂದು ಅಂಕಿ ಬೇರೆ ಬೇರೆ ವಿಷಯ ಹೇಳುತ್ತಿದೆ ಅನ್ನುವುದು ನಾಲಿಗೆಗೆ ರೂಢಿಯಾಗಬೇಕು.

ಅಮೆರಿಕದ ವಿಡಿಯೋ ನೋಡಿ ಓದುವವರು ಇದನ್ನು ಗಮನಿಸಿ. ಅಲ್ಲಿ ಯೂನಿವರ್ಸಲ್ ಪದ್ಧತಿ ನಡೆಯುತ್ತದೆ. ಮೇಲಿನ ಬಲದ ಕೊನೆಯ ಮೋಲಾರ್‌ನಿಂದ 1 ಅಂತ ಶುರು ಮಾಡಿ, ಮೇಲಿನ ಎಡದ ಕೊನೆಗೆ 16, ಅಲ್ಲಿಂದ ಕೆಳಗಿಳಿದು 17, ಕೆಳಗಿನ ಬಲದ ಕೊನೆಗೆ 32. ನಮ್ಮ 14 ಅಂದರೆ ಮೇಲಿನ ಬಲದ ಮೊದಲ ಪ್ರೀಮೋಲಾರ್. ಅವರ 14 ಅಂದರೆ ಮೇಲಿನ ಎಡದ ಮೊದಲ ಮೋಲಾರ್. ಹಲ್ಲು ಕೀಳುವ ಕೆಲಸದಲ್ಲಿ ಈ ಗೊಂದಲ ಆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಇವೆರಡರ ಜೊತೆ ಜಿಗ್ಮಂಡಿ-ಪಾಮರ್ ಪದ್ಧತಿಯೂ ಇದೆ. ಕೂಡಿಸುವ ಚಿಹ್ನೆಯ ಹಾಗೆ ಎರಡು ಗೆರೆ ಎಳೆದು, ಆಯಾ ಮೂಲೆಯಲ್ಲಿ 1ರಿಂದ 8 ಬರೆಯುವುದು. ಹಾಲುಹಲ್ಲಿಗೆ ಎ ಇಂದ ಇ. ಆರ್ಥೋ (ಹಲ್ಲು ನೇರ ಮಾಡುವ) ವಿಭಾಗದಲ್ಲಿ ಇದನ್ನು ನೋಡುತ್ತೀರಿ.

ಅಭ್ಯಾಸ ಹೀಗೆ ಮಾಡಿ: ಹಲ್ಲುಜ್ಜುವಾಗ ಬ್ರಷ್ ಇರುವ ಹಲ್ಲಿನ ನಂಬರ್ ಮನಸ್ಸಿನಲ್ಲೇ ಹೇಳಿಕೊಳ್ಳಿ. ಊಟದ ಮೇಜಿನಲ್ಲಿ ಗೆಳೆಯರಿಗೆ "25 ತೋರಿಸು, 43 ತೋರಿಸು" ಅಂತ ಕೇಳಿ. ಯಾವ ನಂಬರ್ ಕೇಳಿದರೂ ತಡವರಿಸದೆ ಬೆರಳು ಅಲ್ಲಿಗೆ ಹೋಗುವವರೆಗೆ ಮುಂದಿನ ಹಂತ ಬೇಡ.

ಹಂತ 2: ಹಲ್ಲಿನ ಮುಖಗಳು

ಹಲ್ಲಿಗೆ ಐದು ಕಡೆ. ನಡುಗೆರೆಯ ಕಡೆಗಿರುವುದು ಮೀಸಿಯಲ್, ನಡುಗೆರೆಯಿಂದ ದೂರ ಇರುವುದು ಡಿಸ್ಟಲ್. ಹೊರಗಡೆ, ಮುಂದಿನ ಹಲ್ಲಾದರೆ ತುಟಿಗೆ ತಾಗುವ ಲೇಬಿಯಲ್, ಹಿಂದಿನ ಹಲ್ಲಾದರೆ ಕೆನ್ನೆಗೆ ತಾಗುವ ಬಕ್ಕಲ್. ಎರಡಕ್ಕೂ ಸೇರಿಸಿ ಫೇಶಿಯಲ್ ಅಂತಾರೆ. ಒಳಗಡೆ ನಾಲಿಗೆಯ ಕಡೆ ಲಿಂಗ್ವಲ್. ಮೇಲಿನ ಹಲ್ಲುಗಳಲ್ಲಿ ಅದನ್ನೇ ಪ್ಯಾಲಟಲ್ ಅನ್ನುವುದು ವಾಡಿಕೆ. ಅಗಿಯುವ ಕಡೆ ಒಕ್ಲೂಸಲ್. ಮುಂದಿನ ಹಲ್ಲುಗಳಲ್ಲಿ ಆ ಜಾಗದಲ್ಲಿ ಇರುವುದು ಕತ್ತರಿಸುವ ಅಂಚು, ಇನ್ಸೈಸಲ್ ಎಡ್ಜ್. ಒಸಡಿನ ಹತ್ತಿರ ಬಂದರೆ ಸರ್ವೈಕಲ್, ಬೇರಿನ ತುದಿಯ ಕಡೆ ಏಪಿಕಲ್.

ಇದು ಬಂತಾ ಅಂತ ನೋಡಲು ಎರಡು ಪ್ರಶ್ನೆ ಸಾಕು. ಮೀಸಿಯಲ್ ಮುಖ ಇನ್ನೊಂದು ಮೀಸಿಯಲ್ ಮುಖಕ್ಕೇ ತಾಗುವುದು ಎಲ್ಲಿ? 11 ಮತ್ತು 21ರ ನಡುವೆ, 31 ಮತ್ತು 41ರ ನಡುವೆ. ಬೇರೆ ಎಲ್ಲೆಡೆ ಒಂದರ ಡಿಸ್ಟಲ್, ಪಕ್ಕದ್ದರ ಮೀಸಿಯಲ್. ಪಕ್ಕದ ಹಲ್ಲಿಗೆ ತಾಗದ ಡಿಸ್ಟಲ್ ಮುಖ ಯಾವುದು? ಕೊನೆಯ ಮೋಲಾರ್‌ನದ್ದು. ಈ ಎರಡಕ್ಕೂ ಯೋಚಿಸದೆ ಉತ್ತರ ಬಂದರೆ ನಡುಗೆರೆ ತಲೆಯಲ್ಲಿ ಕೂತಿದೆ ಅಂತ ಅರ್ಥ.

ಹಂತ 3: ಪದ ಜೋಡಿಸುವುದು

ಎರಡು ಮುಖ ಕೂಡುವ ಜಾಗಕ್ಕೆ ಎರಡೂ ಹೆಸರು ಸೇರಿಸುತ್ತಾರೆ. ಮೊದಲ ಪದದ ಕೊನೆಯ "ಅಲ್" ಹೋಗಿ "ಓ" ಬರುತ್ತದೆ. ಮೀಸಿಯಲ್ ಮತ್ತು ಬಕ್ಕಲ್ ಸೇರಿ ಮೀಸಿಯೋಬಕ್ಕಲ್. ಡಿಸ್ಟಲ್ ಮತ್ತು ಲಿಂಗ್ವಲ್ ಸೇರಿ ಡಿಸ್ಟೋಲಿಂಗ್ವಲ್. ಕ್ರಮವೂ ಇದೆ. ಮೀಸಿಯಲ್ ಅಥವಾ ಡಿಸ್ಟಲ್ ಯಾವಾಗಲೂ ಮೊದಲು, ಆಮೇಲೆ ಬಕ್ಕಲ್ ಅಥವಾ ಲಿಂಗ್ವಲ್, ಕೊನೆಗೆ ಒಕ್ಲೂಸಲ್. ಬಕ್ಕೋಮೀಸಿಯಲ್ ಅಂದರೆ ಅರ್ಥವೇನೋ ಆಗುತ್ತದೆ, ಎಕ್ಸಾಮಿನರ್ ಮುಖ ಮಾತ್ರ ಸಿಂಡರಿಸಿಕೊಳ್ಳುತ್ತದೆ.

ಎರಡು ಮುಖ ಕೂಡಿದರೆ ಲೈನ್ ಆಂಗಲ್, ಮೂರು ಕೂಡಿದರೆ ಪಾಯಿಂಟ್ ಆಂಗಲ್. ಹಿಂದಿನ ಹಲ್ಲಿಗೆ ಲೈನ್ ಆಂಗಲ್ 8, ಮುಂದಿನ ಹಲ್ಲಿಗೆ 6. ಪಾಯಿಂಟ್ ಆಂಗಲ್ ಎರಡಕ್ಕೂ 4. ಮುಂದಿನ ಹಲ್ಲಿನಲ್ಲಿ ಎರಡು ಕಡಿಮೆ ಯಾಕೆ? ಮೀಸಿಯೋಇನ್ಸೈಸಲ್, ಡಿಸ್ಟೋಇನ್ಸೈಸಲ್ ಮೂಲೆಗಳು ದುಂಡಗಿರುವುದರಿಂದ ಅವನ್ನು ಲೈನ್ ಆಂಗಲ್ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಸಂಖ್ಯೆಗಿಂತ ಜಾಸ್ತಿ ಕೇಳುವ ವೈವಾ ಪ್ರಶ್ನೆ.

ಹೊಸಬರಿಗೆ ಜೋಡಿಪದಗಳು ಸಿಕ್ಕಾಗುವುದು ಇಲ್ಲಿ: "ಮೀಸಿಯೋಬಕ್ಕಲ್" ಅನ್ನುವುದು ಜಾಗದ ಹೆಸರು ಮಾತ್ರ, ವಸ್ತುವಿನ ಹೆಸರಲ್ಲ. ಮೇಲಿನ ಮೊದಲ ಮೋಲಾರ್ ತಗೊಳ್ಳಿ. ಅದಕ್ಕೆ ಮೀಸಿಯೋಬಕ್ಕಲ್ ಕಸ್ಪ್ (ಅಗಿಯುವ ಕಡೆಯ ಮೊನೆಯಂಥ ಉಬ್ಬು) ಇದೆ, ಮೀಸಿಯೋಬಕ್ಕಲ್ ಲೈನ್ ಆಂಗಲ್ ಇದೆ, ಮೀಸಿಯೋಬಕ್ಕಲ್ ರೂಟ್ (ಬೇರು) ಇದೆ, ಅದರೊಳಗೆ ಮೀಸಿಯೋಬಕ್ಕಲ್ ಕೆನಾಲ್ (ನಾಳ) ಇದೆ. ಎಷ್ಟೋ ಸಲ ಅದೇ ಬೇರಿನಲ್ಲಿ ಇನ್ನೊಂದು ಕೆನಾಲ್ ಅಡಗಿರುತ್ತದೆ. ಎಂಡೋ (ರೂಟ್ ಕೆನಾಲ್) ವಿಭಾಗದ ಪಿಜಿಗಳು "ಎಂಬಿ ಟು ಸಿಕ್ತಾ?" ಅಂತ ಹುಡುಕಾಡುವುದು ಅದನ್ನೇ. ಹಾಗಾಗಿ ಜೋಡಿಪದದ ಮುಂದೆ ಕಸ್ಪ್, ರೂಟ್, ಕೆನಾಲ್ ಅಂತ ಯಾವುದೋ ಒಂದು ಹೇಳಲೇಬೇಕು. ಅರ್ಧಕ್ಕೆ ನಿಲ್ಲಿಸುವ ಚಟ ಬೇಡ.

ಹಂತ 4: ಪದರಗಳು

ಇದು ಬೇಗ ಮುಗಿಯುತ್ತದೆ. ಹೊರಗೆ ಎನಾಮಲ್, ತೂಕದಲ್ಲಿ ಸುಮಾರು 96 ಪರ್ಸೆಂಟ್ ಖನಿಜ, ದೇಹದಲ್ಲೇ ಅತಿ ಗಟ್ಟಿ. ಒಳಗೆ ಡೆಂಟಿನ್. ನಡುವೆ ನರ, ರಕ್ತನಾಳ ಇರುವ ಪಲ್ಪ್. ಬೇರಿನ ಮೇಲೆ ಸಿಮೆಂಟಮ್. ಸಿಮೆಂಟಮ್ ಮತ್ತು ಎನಾಮಲ್ ಸೇರುವ ಗೆರೆ ಸಿಮೆಂಟೋ-ಎನಾಮಲ್ ಜಂಕ್ಷನ್, ಎಲ್ಲರ ಬಾಯಲ್ಲಿ ಸಿಇಜೆ. ಹಲ್ಲನ್ನು ಸುತ್ತ ಹಿಡಿದಿರುವುದು ಪೆರಿಯೊಡಾಂಟಲ್ ಲಿಗಮೆಂಟ್ (ಬೇರನ್ನು ಮೂಳೆಗೆ ಕಟ್ಟುವ ನಾರು), ಆಲ್ವಿಯೋಲಾರ್ ಬೋನ್ (ಬೇರು ಕೂತಿರುವ ಮೂಳೆ), ಜಿಂಜೈವಾ (ಒಸಡು). ಒಂದೇ ಒಂದು ಉದ್ದುದ್ದ ಸೀಳಿದ ಹಲ್ಲಿನ ಚಿತ್ರ ಬರೆದು ಇಷ್ಟೂ ಹೆಸರು ಹಾಕಿ. ಪುಸ್ತಕ ಮುಚ್ಚಿ ಮತ್ತೆ ಬರೆಯಿರಿ. ಚಿತ್ರಕ್ಕೆ ಪರೀಕ್ಷೆಯಲ್ಲಿ ಅಂಕ ಇದ್ದೇ ಇರುತ್ತದೆ.

ಒಂದು ಸೂಕ್ಷ್ಮ: ಎನಾಮಲ್ ಮುಚ್ಚಿದಷ್ಟು ಭಾಗ ಅನಾಟಾಮಿಕಲ್ ಕ್ರೌನ್. ಬಾಯಲ್ಲಿ ಕಣ್ಣಿಗೆ ಕಾಣುವಷ್ಟು ಭಾಗ ಕ್ಲಿನಿಕಲ್ ಕ್ರೌನ್. ವಯಸ್ಸಾದವರಲ್ಲಿ ಒಸಡು ಬೇರಿನ ಕಡೆಗೆ ಸರಿದರೆ ಎರಡನೆಯದು ಉದ್ದವಾಗುತ್ತದೆ, ಮೊದಲನೆಯದು ಇದ್ದಷ್ಟೇ ಇರುತ್ತದೆ. ಇನ್ನು "ಕ್ರೌನ್ ಹಾಕಿಸಿಕೊಳ್ಳಿ" ಅಂತ ರೋಗಿಗೆ ಹೇಳುವಾಗ ಅದು ಕ್ಯಾಪ್!

ಹಂತ 5: ವ್ಯಾಕ್ಸ್ ಕಾರ್ವಿಂಗ್ ಟೇಬಲ್ ಮೇಲೆ ಪದ ಕಲಿಯಿರಿ

ಮೇಣದಲ್ಲಿ ಹಲ್ಲು ಕೆತ್ತುವ ಈ ಕಾರ್ವಿಂಗ್ ಅಂದರೆ ಕೈಕೆಲಸದ ಪ್ರಾಕ್ಟಿಕಲ್ ಅಷ್ಟೇ ಅಂತ ತುಂಬಾ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಪರಿಭಾಷೆ ಕಲಿಯೋಕೆ ಅದಕ್ಕಿಂತ ಒಳ್ಳೆ ಕ್ಲಾಸು ಇಲ್ಲ. 11 ಅನ್ನೇ ನೋಡಿ. ಪುಸ್ತಕದ ಸರಾಸರಿ ಅಳತೆ ಹೀಗಿದೆ: ಕ್ರೌನ್ ಉದ್ದ 10.5 ಮಿಲಿಮೀಟರ್, ರೂಟ್ 13, ಮೀಸಿಯೋಡಿಸ್ಟಲ್ ಅಗಲ 8.5, ಲೇಬಿಯೋಲಿಂಗ್ವಲ್ ದಪ್ಪ 7. ಮೇಣದ ಬ್ಲಾಕ್ ಮೇಲೆ ಈ ಅಳತೆ ಗುರುತು ಹಾಕುವಾಗ ಪ್ರತಿ ಗೆರೆಗೂ ಅದರ ಹೆಸರು ಹೇಳಿ.

ಆಮೇಲೆ ಕೆತ್ತುತ್ತಾ ಹೋಗಿ. ಎರಡನ್ನೂ ಹೋಲಿಸಿದರೆ ಮೀಸಿಯೋಇನ್ಸೈಸಲ್ ಮೂಲೆಯನ್ನು ಚೂಪಾಗಿ ಬಿಡಬೇಕು, ಡಿಸ್ಟೋಇನ್ಸೈಸಲ್ ಮೂಲೆಯನ್ನು ಇನ್ನೂ ಸ್ವಲ್ಪ ದುಂಡಗೆ ಮಾಡಬೇಕು. ಸಿಇಜೆ ಗೆರೆ ಮೀಸಿಯಲ್ ಕಡೆ ಇನ್ಸೈಸಲ್ ಎಡ್ಜ್‌ನತ್ತ 3.5 ಮಿಲಿಮೀಟರ್ ಬಾಗುತ್ತದೆ, ಡಿಸ್ಟಲ್ ಕಡೆ 2.5 ಮಾತ್ರ. ಒಳಬದಿಯಲ್ಲಿ ಸಿಇಜೆ ಹತ್ತಿರ ಉಬ್ಬಿದ ಭಾಗ ಸಿಂಗ್ಯುಲಮ್, ಎರಡೂ ಬದಿಯ ಏಣುಗಳು ಮಾರ್ಜಿನಲ್ ರಿಡ್ಜ್, ನಡುವಿನ ತಗ್ಗು ಲಿಂಗ್ವಲ್ ಫಾಸಾ. ಇಷ್ಟು ಕೆತ್ತಿದ ಮೇಲೆ ಯಾರೋ ಹಲ್ಲು ಕೊಟ್ಟು "ಇದು ಬಲವೋ ಎಡವೋ" ಅಂತ ಕೇಳಿದರೆ ಬೆರಳು ತಾನಾಗಿ ಮೂಲೆ ಮತ್ತು ಸಿಇಜೆ ಹುಡುಕುತ್ತದೆ.

ಮೋಲಾರ್‌ಗೆ ಹೋದಾಗ ಕಸ್ಪ್, ಗ್ರೂವ್ (ಗೀರಿನಂಥ ತಗ್ಗು), ಪಿಟ್ (ಚುಕ್ಕೆಯಂಥ ಗುಳಿ), ಫಾಸಾ ಬರುತ್ತವೆ. ಕೆಳಗಿನ ಮೊದಲ ಮೋಲಾರ್‌ಗೆ ಐದು ಕಸ್ಪ್: ಹೊರಗೆ ಮೀಸಿಯೋಬಕ್ಕಲ್, ಡಿಸ್ಟೋಬಕ್ಕಲ್, ಡಿಸ್ಟಲ್, ಒಳಗೆ ಮೀಸಿಯೋಲಿಂಗ್ವಲ್, ಡಿಸ್ಟೋಲಿಂಗ್ವಲ್. ಮೇಲಿನ ಮೊದಲ ಮೋಲಾರ್‌ಗೆ ನಾಲ್ಕು. ಜೊತೆಗೆ ಕೆಲವರಲ್ಲಿ ಮೀಸಿಯೋಪ್ಯಾಲಟಲ್ ಕಸ್ಪ್‌ನ ಬದಿಗೆ ಒಂದು ಪುಟ್ಟ ಉಬ್ಬು, ಅದೇ ಕ್ಯಾರಬೆಲಿ ಕಸ್ಪ್. ವಿಯೆನ್ನಾದ ದಂತವೈದ್ಯ ಗಿಯೋರ್ಗ್ ಕ್ಯಾರಬೆಲಿ ಹೆಸರು ಅದಕ್ಕೆ. ಕನ್ನಡಿ ಹಿಡಿದು ನಿಮ್ಮ 16, 26 ನೋಡಿಕೊಳ್ಳಿ, ಇದ್ದರೂ ಇರಬಹುದು.

ಹಂತ 6: ತಲೆ ಬಾಲ ಬಿಡಿಸಿ ಓದಿ

ರೋಗ ಮತ್ತು ಚಿಕಿತ್ಸೆಯ ಪದಗಳು ತುಂಡು ತುಂಡಾಗಿ ಬಿಚ್ಚುತ್ತವೆ. ಮುಂದೆ ಬರುವ ತುಂಡು: ಎಂಡೋ ಅಂದರೆ ಒಳಗೆ, ಪೆರಿ ಸುತ್ತ, ಆರ್ಥೋ ನೇರ, ಹೈಪೋ ಕಡಿಮೆ, ಹೈಪರ್ ಜಾಸ್ತಿ, ಸಬ್ ಕೆಳಗೆ, ಸುಪ್ರಾ ಮೇಲೆ. ನಡುವಿನ ತುಂಡು: ಡಾಂಟ್ ಹಲ್ಲು, ಗ್ಲಾಸ್ ಮತ್ತು ಲಿಂಗ್ವ ನಾಲಿಗೆ, ಸ್ಟೊಮ ಬಾಯಿ, ಕೈಲ್ ಮತ್ತು ಲೇಬಿ ತುಟಿ. ಬಾಲ: ಐಟಿಸ್ ಉರಿಯೂತ, ಆಲ್ಜಿಯ ನೋವು, ಒಟಮಿ ಕೊಯ್ಯುವುದು, ಎಕ್ಟಮಿ ತೆಗೆದು ಹಾಕುವುದು, ಪ್ಲಾಸ್ಟಿ ಆಕಾರ ಸರಿಮಾಡುವುದು.

ಬಾಲವನ್ನು ನಿರ್ಲಕ್ಷಿಸಬೇಡಿ. ಪಲ್ಪಾಟಮಿ, ಪಲ್ಪೆಕ್ಟಮಿ ಎರಡೂ ಪೀಡೋ (ಮಕ್ಕಳ ಹಲ್ಲಿನ) ವಿಭಾಗದಲ್ಲಿ ದಿನಾ ಕೇಳುವ ಪದಗಳು. ಮೊದಲನೆಯದರಲ್ಲಿ ಕ್ರೌನ್ ಭಾಗದ ಪಲ್ಪ್ ಮಾತ್ರ ತೆಗೆದು ಬೇರಿನದ್ದನ್ನು ಉಳಿಸುತ್ತಾರೆ. ಎರಡನೆಯದರಲ್ಲಿ ಪೂರ್ತಿ ತೆಗೆಯುತ್ತಾರೆ. ಜಿಂಜೈವೆಕ್ಟಮಿ, ಜಿಂಜೈವೋಪ್ಲಾಸ್ಟಿ ಜೋಡಿಯೂ ಇದೇ ಥರ. ಹೈಪೋ, ಹೈಪರ್ ಕಿವಿಗೆ ಹತ್ತಿರ, ಅರ್ಥ ಪೂರ್ತಿ ಉಲ್ಟಾ. ಹೈಪೋಡಾಂಟಿಯ ಅಂದರೆ ಕೆಲವು ಹಲ್ಲು ಹುಟ್ಟಿಲ್ಲ, ಹೈಪರ್‌ಡಾಂಟಿಯ ಅಂದರೆ ಹೆಚ್ಚುವರಿ ಹಲ್ಲು, ಅನೊಡಾಂಟಿಯ ಅಂದರೆ ಒಂದೂ ಇಲ್ಲ.

ಸವೆತದ ನಾಲ್ಕು ಪದಗಳನ್ನು ಒಟ್ಟಿಗೇ ಕಲಿಯಿರಿ, ಬಿಡಿಬಿಡಿಯಾಗಿ ಕಲಿತರೆ ಕಲಸಿಹೋಗುತ್ತವೆ. ಹಲ್ಲಿಗೆ ಹಲ್ಲು ಉಜ್ಜಿ ಸವೆದರೆ ಅಟ್ರಿಷನ್. ಗಟ್ಟಿ ಬ್ರಷ್, ಇದ್ದಿಲು, ಇಟ್ಟಿಗೆಪುಡಿಯಂಥ ಹೊರಗಿನ ವಸ್ತುವಿನಿಂದ ಸವೆದರೆ ಅಬ್ರೇಶನ್. ಬ್ಯಾಕ್ಟೀರಿಯಾ ಪಾತ್ರವಿಲ್ಲದೆ ಆಸಿಡ್‌ನಿಂದ ಕರಗಿದರೆ ಎರೋಶನ್. ಕಚ್ಚುವ ಒತ್ತಡಕ್ಕೆ ಹಲ್ಲು ಬಾಗಿ, ಕತ್ತಿನ ಬಳಿ ಬೆಣೆಯಾಕಾರದಲ್ಲಿ ಸಿಡಿದರೆ ಆಬ್‌ಫ್ರಾಕ್ಷನ್. ಕೊನೆಯದರ ಬಗ್ಗೆ ತಜ್ಞರಲ್ಲೇ ವಾದ ಇದೆ, ಆದರೂ ಪರೀಕ್ಷೆಗೆ ಬೇಕು.

ಸ್ಪೆಲ್ಲಿಂಗ್ ಬಗ್ಗೆ ಒಂದೆರಡು ಮಾತು. ಕ್ಯಾರೀಸ್ (ಹುಳುಕು) ಏಕವಚನವೇ, "ಒಂದು ಕ್ಯಾರಿ" ಅಂತ ಇಲ್ಲ. ಏಪೆಕ್ಸ್‌ನ (ಬೇರಿನ ತುದಿ) ಬಹುವಚನ ಏಪಿಸೀಸ್, ಫೊರಾಮೆನ್‌ನದ್ದು (ರಂಧ್ರ) ಫೊರಾಮಿನ. ಬಕ್ಕಲ್‌ನಲ್ಲಿ ಎರಡು ಸಿ. ಆಬ್ಸೆಸ್‌ನಲ್ಲಿ (ಕೀವು ತುಂಬಿದ ಬಾವು) ಎಸ್ ಆದ ಮೇಲೆ ಸಿ ಇದೆ, ಉತ್ತರಪತ್ರಿಕೆಯಲ್ಲಿ ಮರೆಯುವವರೇ ಜಾಸ್ತಿ.

ಹಂತ 7: "ಕ್ಲಾಸ್ 2" ಅಂದರೆ ಯಾರ ಕ್ಲಾಸ್ 2?

ಮುಂದಿನ ವರ್ಷಗಳಲ್ಲಿ ಕಾಡುವ ಗೊಂದಲ ಇದು, ಈಗಲೇ ಬಿಡಿಸಿಕೊಂಡರೆ ಒಳ್ಳೆಯದು. ಕನ್ಸರ್ವೇಟಿವ್ (ಹುಳುಕು ತೆಗೆದು ತುಂಬುವ) ವಿಭಾಗದಲ್ಲಿ ಕ್ಲಾಸ್ ಅಂದರೆ ದಂತವೈದ್ಯ ಜಿ. ವಿ. ಬ್ಲ್ಯಾಕ್ ಮಾಡಿದ ಹುಳುಕಿನ ವಿಂಗಡಣೆ. ಪಿಟ್, ಫಿಶರ್‌ನಲ್ಲಿ (ಕಿರಿದಾದ ಬಿರುಕು) ಇದ್ದರೆ ಕ್ಲಾಸ್ 1. ಹಿಂದಿನ ಹಲ್ಲುಗಳ ಮೀಸಿಯಲ್, ಡಿಸ್ಟಲ್ ಮುಖದಲ್ಲಿದ್ದರೆ ಕ್ಲಾಸ್ 2. ಮುಂದಿನ ಹಲ್ಲುಗಳ ಅದೇ ಮುಖಗಳಲ್ಲಿ, ಇನ್ಸೈಸಲ್ ಮೂಲೆ ಉಳಿದಿದ್ದರೆ ಕ್ಲಾಸ್ 3, ಮೂಲೆಯೂ ಹೋಗಿದ್ದರೆ ಕ್ಲಾಸ್ 4. ಒಸಡಿನ ಹತ್ತಿರದ ಮೂರನೇ ಒಂದು ಭಾಗದಲ್ಲಿದ್ದರೆ ಕ್ಲಾಸ್ 5. ಕಸ್ಪ್ ತುದಿಯ ಕ್ಲಾಸ್ 6 ಆಮೇಲೆ ಸೇರಿದ್ದು.

ಆರ್ಥೋ ವಿಭಾಗಕ್ಕೆ ಹೋದರೆ ಕ್ಲಾಸ್ 2 ಅಂದರೆ 1899ರಲ್ಲಿ ಎಡ್ವರ್ಡ್ ಆಂಗಲ್ ಅನ್ನುವ ದಂತವೈದ್ಯ ಮಾಡಿದ ವಿಂಗಡಣೆ. ಮೇಲಿನ ಮೊದಲ ಮೋಲಾರ್‌ಗೆ ಹೋಲಿಸಿದರೆ ಕೆಳಗಿನದು ಡಿಸ್ಟಲ್ ಕಡೆಗೆ ಸರಿದಿದೆ ಅಂತ ಅರ್ಥ. ಪ್ರೊಸ್ಥೋದಲ್ಲಿ (ಕೃತಕ ಹಲ್ಲು ಕಟ್ಟುವ ವಿಭಾಗ) ಕ್ಲಾಸ್ 2 ಅಂದರೆ ಕೆನಡಿ ವಿಂಗಡಣೆ: ಒಂದೇ ಬದಿಯಲ್ಲಿ ಕೊನೆಯ ಹಲ್ಲುಗಳಿಲ್ಲ, ಹಿಂದೆ ಆಸರೆಗೂ ಹಲ್ಲಿಲ್ಲ. ಹಾಗಾಗಿ ನೋಟ್ಸ್‌ನಲ್ಲಿ ಬರೀ "ಕ್ಲಾಸ್ 2" ಅಂತ ಬರೆಯಬೇಡಿ. ಪಕ್ಕದಲ್ಲಿ ಬ್ಲ್ಯಾಕ್, ಆಂಗಲ್, ಕೆನಡಿ ಅಂತ ಹೆಸರಿರಲಿ.

ಉಪಕರಣಗಳ ಹೆಸರಿಗೆ ಬೇರೆ ಹಂತ ಬೇಡ. ಹಿಡಿ ಹ್ಯಾಂಡಲ್, ಕುತ್ತಿಗೆ ಶ್ಯಾಂಕ್, ಕೆಲಸ ಮಾಡುವ ತುದಿ ಬ್ಲೇಡ್ ಅಥವಾ ನಿಬ್. ಪೆರಿಯೊ (ಒಸಡಿನ) ವಿಭಾಗದ ವಿಲಿಯಮ್ಸ್ ಪ್ರೋಬ್ (ಒಸಡಿನ ಸಂದಿಯ ಆಳ ಅಳೆಯುವ ಕಡ್ಡಿ) ಕೈಗೆ ಸಿಕ್ಕಿದಾಗ ಮಿಲಿಮೀಟರ್ ಗೆರೆಗಳನ್ನು ನೋಡಿ: 1, 2, 3, 5, 7, 8, 9, 10. ಬೇಗ ಓದಲು ಅನುಕೂಲ ಆಗಲಿ ಅಂತ 4 ಮತ್ತು 6 ಇಲ್ಲ.

ಹಂತ 8: ಒಂದು ಕೇಸ್ ಶೀಟ್ ಬಿಡಿಸೋಣ

"36: ಡೀಪ್ ಡಿಸ್ಟೋ-ಒಕ್ಲೂಸಲ್ ಕ್ಯಾರೀಸ್. ಟಿಒಪಿ ಪಾಸಿಟಿವ್. ಐಒಪಿಎ: ಡಿಸ್ಟಲ್ ರೂಟ್‌ನಲ್ಲಿ ಪೆರಿಏಪಿಕಲ್ ರೇಡಿಯೊಲೂಸೆನ್ಸಿ. ಅಡ್ವೈಸ್: ಆರ್‌ಸಿಟಿ, ನಂತರ ಕ್ರೌನ್."

ಮೊದಲ ನೋಟಕ್ಕೆ ಭಯ ಆಗಬಹುದು, ಬಿಡಿಸಿದರೆ ಎಲ್ಲವೂ ನಿಮಗೆ ಗೊತ್ತಿರುವುದೇ. 36 ಅಂದರೆ ಕೆಳಗಿನ ಎಡದ ಮೊದಲ ಮೋಲಾರ್. ಹುಳುಕು ಡಿಸ್ಟಲ್ ಮತ್ತು ಒಕ್ಲೂಸಲ್ ಎರಡೂ ಮುಖ ಸೇರಿಸಿ ಆಳಕ್ಕೆ ಇಳಿದಿದೆ, ಬ್ಲ್ಯಾಕ್ ಲೆಕ್ಕದಲ್ಲಿ ಕ್ಲಾಸ್ 2. ಟಿಒಪಿ ಅಂದರೆ ಮಿರರ್ ಹಿಡಿಯಿಂದ ಹಲ್ಲನ್ನು ಮೆಲ್ಲಗೆ ತಟ್ಟಿದಾಗ ನೋವು, ಬೇರಿನ ಸುತ್ತ ತೊಂದರೆ ತಲುಪಿದ ಸುಳಿವು. ಐಒಪಿಎ ಬಾಯೊಳಗೆ ಫಿಲ್ಮ್ ಅಥವಾ ಸೆನ್ಸರ್ ಇಟ್ಟು ತೆಗೆಯುವ ಪುಟ್ಟ ಎಕ್ಸ್‌ರೇ. ಅದರಲ್ಲಿ ಕಪ್ಪಗೆ ಕಾಣುವುದು ರೇಡಿಯೊಲೂಸೆಂಟ್, ಬೆಳ್ಳಗೆ ಕಾಣುವುದು ರೇಡಿಯೊಪೇಕ್. ಪೆರಿ ಅಂದರೆ ಸುತ್ತ, ಏಪಿಕಲ್ ಅಂದರೆ ಬೇರಿನ ತುದಿ. ಹಾಗಾದರೆ ಡಿಸ್ಟಲ್ ಬೇರಿನ ತುದಿಯ ಸುತ್ತ ಮೂಳೆ ಕರಗಿದೆ. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು. ಸೀನಿಯರ್‌ಗಳನ್ನು ಕೇಳಿ ಇಂಥ ಶೀಟ್‌ಗಳನ್ನು, ರೋಗಿಯ ಹೆಸರು ಬಿಟ್ಟು, ವಾರಕ್ಕೆ ಒಂದೆರಡು ಬಿಡಿಸಿ.

ಹಂತ 9: ರೋಗಿಯ ಬಾಯಿಮಾತು

ಕೇಸ್ ಶೀಟ್‌ನ ಮೊದಲ ಸಾಲು ಚೀಫ್ ಕಂಪ್ಲೇಂಟ್. ಅದನ್ನು ರೋಗಿಯ ಮಾತಿನಲ್ಲೇ ಬರೆಯಬೇಕು, ನಿಮ್ಮ ಪರಿಭಾಷೆಯಲ್ಲಿ ಅಲ್ಲ. ಕನ್ನಡ ಮೀಡಿಯಂ ಹುಡುಗರು ಇಲ್ಲಿ ಮುಂದೆ ಇರುತ್ತಾರೆ. ಬೇರೆ ರಾಜ್ಯದಿಂದ ಬಂದ ಸಹಪಾಠಿಗಳಿಗೆ ನೀವೇ ಕಲಿಸಬೇಕಾಗುತ್ತದೆ.

"ಹಲ್ಲಿಗೆ ಹುಳ ಬಿದ್ದಿದೆ" ಅಂದರೆ ಕ್ಯಾರೀಸ್ ಇರಬಹುದು. "ಒಸಡಿನಲ್ಲಿ ರಕ್ತ" ಅಂದರೆ ಜಿಂಜೈವೈಟಿಸ್ ನೆನಪಾಗಲಿ. "ಹಲ್ಲು ಅಲ್ಲಾಡುತ್ತೆ" ಅನ್ನುವುದು ಮೊಬಿಲಿಟಿ. ಗುಟ್ಕಾ, ಅಡಿಕೆ ಜಗಿಯುವವರು "ಖಾರ ತಿಂದ್ರೆ ಬಾಯಿ ಉರಿ, ಬಾಯಿ ಪೂರ್ತಿ ತೆಗೆಯೋಕೆ ಆಗ್ತಿಲ್ಲ" ಅಂದರೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇದೆಯೇ ಅಂತ ನೋಡಲೇಬೇಕು. "ದವಡೆ ನೋವು" ಅನ್ನುವುದು ಮಾತ್ರ ಕಷ್ಟ. ಕೆಲವರಿಗೆ ಅದು ದವಡೆ ಹಲ್ಲು, ಕೆಲವರಿಗೆ ದವಡೆಯ ಮೂಳೆ, ಕೆಲವರಿಗೆ ಕಿವಿ ಹತ್ತಿರದ ಕೀಲು. "ಅಜ್ಜಾ, ಒಂದೇ ಬೆರಳಿಟ್ಟು ತೋರಿಸಿ" ಅಂತ ಕೇಳಿ, ಆಮೇಲೆ ಬರೆಯಿರಿ.

"ತಣ್ಣೀರು ಕುಡಿದ್ರೆ ಜುಮ್ ಅನ್ನುತ್ತೆ" ಅನ್ನುವವರಿಗೆ ಇನ್ನೆರಡು ಪ್ರಶ್ನೆ ಹಾಕಿ. ನೀರು ನುಂಗಿದ ಕೂಡಲೇ ಹೋಗುತ್ತಾ, ಇಲ್ಲಾ ತುಂಬಾ ಹೊತ್ತು ನಿಲ್ಲುತ್ತಾ? ರಾತ್ರಿ ಮಲಗಿದಾಗ ಏನೂ ತಿನ್ನದೆ ಕುಡಿಯದೆ ತಾನಾಗಿ ನೋವು ಬರುತ್ತಾ? ಕೂಡಲೇ ಹೋಗುವುದು ರಿವರ್ಸಿಬಲ್ ಪಲ್ಪೈಟಿಸ್ ಕಡೆಗೆ ಬೆರಳು ತೋರಿಸುತ್ತದೆ, ಹುಳುಕು ತೆಗೆದು ಫಿಲ್ಲಿಂಗ್ ಮಾಡಿದರೆ ಸಾಕಾಗಬಹುದು. ಹೊತ್ತು ನಿಂತರೆ, ರಾತ್ರಿ ತಾನಾಗಿ ಬಂದರೆ ಇರ್‌ರಿವರ್ಸಿಬಲ್ ಪಲ್ಪೈಟಿಸ್ ಇರುವ ಸಾಧ್ಯತೆ ಜಾಸ್ತಿ. ಆಗ ಮಾತು ರೂಟ್ ಕೆನಾಲ್‌ಗೆ ಹೋಗುತ್ತದೆ.